ಮಾಬ್ಲನ ಅಳಿವೆಗೊಬ್ಬ ಗಿರಾಕಿ

ಮಾವಳ್ಳಿಯ ಮಾಬ್ಲ ಮೊಗೇರನಿಗೆ ದೋಣಿ ಮಾರುವುದು ಕಷ್ಟದ ಕೆಲಸವಾಗಿರಲಿಲ್ಲ. ಮಾರುವುದೇನು ಬಂತು, ಜನರೇ ಅವನ ಮನೆ ಹುಡುಕಿಕೊಂಡು ಬರುತ್ತಿದ್ದರು. ಭಟ್ಕಳದಿಂದ ಕುಮಟೆಯವರೆಗೆ ದೋಣಿ ಕಟ್ಟುವ ಯಾವ ದಕ್ಕೆಯಲ್ಲಿ ನಿಂತು ನೋಡಿದರೂ ಅವನ ಕೊಟ್ಟಿಗೆಯ ಅಚ್ಚಿನಿಂದ ಎದ್ದ ಫೈಬರ್ ದೋಣಿ ಒಂದಾದರೂ ಕಣ್ಣಿಗೆ ಬೀಳುತ್ತಿತ್ತು. ಇಂಥ ಮನುಷ್ಯ ಐವತ್ತು ದಾಟಿದ ಮೇಲೆ ಯಾರಿಗೂ ಬೇಡವಾದ ಒಂದು ವಸ್ತುವನ್ನು ಮಾಡಿಟ್ಟುಕೊಂಡು, ಅದಕ್ಕೊಬ್ಬ ಗಿರಾಕಿ ಸಿಕ್ಕರೆ ಸಾಕು ಎಂದು ವರ್ಷಗಟ್ಟಲೆ ದಾರಿ ಕಾದ. ಯಾರಿಗೂ ಬೇಡವಾದದ್ದು ಎಂದರೆ ತಪ್ಪಾದೀತು. ಅದು ಎಲ್ಲರಿಗೂ ಬೇಕಿತ್ತು, ಕೊಳ್ಳುವುದು ಮಾತ್ರ ಬೇಡವಾಗಿತ್ತು.

ಶುರುವಾದದ್ದು ಒಂದು ತೇಪೆ ಕೆಲಸದಿಂದ. ಹೆದ್ದಾರಿ ಪಕ್ಕದ ವಾಟರ್ ಪಾರ್ಕೊಂದರಲ್ಲಿ ನೀರಿನ ಜಾರುಬಂಡಿ ಸೀಳುಬಿಟ್ಟಿತ್ತು. ಜಾರುಬಂಡಿಯೂ ಫೈಬರಿನದೇ, ದೋಣಿಯೂ ಫೈಬರಿನದೇ, ಹಾಗಾಗಿ ಮಾಬ್ಲನಿಗೆ ಕರೆ ಬಂತು. ರಾಳ ಕಲಸಿ ತೇಪೆ ಹಾಕಿ, ಒಣಗಲಿ ಎಂದು ಕೂತವನು ಉಳಿದ ಜಾರುಬಂಡಿಗಳಲ್ಲಿ ಜನ ಆಡುವುದನ್ನು ನೋಡಿದ. ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಮೇಲೆ ಕೂತವರನ್ನು ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತಾರೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಳಗಿರುತ್ತಾರೆ. ಮತ್ತೆ ಸಾಲು. ಮಾಬ್ಲನಿಗೆ ನಗು ಬಂತು. ನೀರಿನ ಜೊತೆ ಆಡುವುದು ಎಂದರೆ ಇಷ್ಟೆಯೋ? ಇವರಿಗೆ ಅಳಿವೆ ದಾಟಿ ಗೊತ್ತಿಲ್ಲ ಪಾಪ ಎಂದುಕೊಂಡ.

ನದಿ ಸಮುದ್ರಕ್ಕೆ ಸೇರುವ ಬಾಯಿಯೇ ಅಳಿವೆ. ಹೊನ್ನಾವರದ ಅಳಿವೆಯಂತೂ ಮರಳು ತುಂಬಿ ತುಂಬಿ ಮೀನುಗಾರರ ಜೀವ ಹಿಂಡುವ ಜಾಗ. ಸಮುದ್ರದಿಂದ ತಿರುಗಿ ಬರುವ ದೋಣಿಗಳು ಅಲ್ಲಿ ಹೊರಗೆ ನಿಲ್ಲಬೇಕು. ದೊಡ್ಡ ತೆರೆಗಳು ಒಂದರ ಮೇಲೊಂದು ಬಂದು ಒಡೆಯುತ್ತವೆ. ಆಮೇಲೆ ನೀರು ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಗಳಿಗೆಯನ್ನು ಹಿಡಿದು ಒಳಗೆ ನುಗ್ಗಬೇಕು. ಈಗ, ಈಗ, ಇನ್ನೂ ಬೇಡ, ಈಗ ಎಂದು ಎದೆ ಹೊಡೆದುಕೊಳ್ಳುವುದು ದೋಣಿಯಲ್ಲಿದ್ದವರೆಲ್ಲರಿಗೂ ಕೇಳಿಸುತ್ತದೆ. ದಾಟಿ ಒಳಗಿನ ನಿಂತ ನೀರಿಗೆ ಬಂದಾಗ ಬೀಡಿ ಹಚ್ಚಿದವನ ಮುಖ ನೋಡಬೇಕು. ಆ ಸುಖ ದುಡ್ಡು ಕೊಟ್ಟರೂ ಪೇಟೆಯಲ್ಲಿ ಸಿಗುವುದಿಲ್ಲ. ಅದನ್ನು ಪೇಟೆಯವರಿಗೆ ದುಡ್ಡಿಗೆ ಸಿಗುವ ಹಾಗೆ ಮಾಡಬೇಕೆಂದು ಮಾಬ್ಲನಿಗೆ ಹುಚ್ಚು ಹಿಡಿಯಿತು.

ಅವನ ಜೊತೆ ಸೇರಿದವನು ಹೊನ್ನಾವರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡ ದಿವಾಕರ. ಇಬ್ಬರೂ ಸೇರಿ ಮಾಬ್ಲನ ತೆಂಗಿನ ಹಿತ್ತಲಲ್ಲಿ ಉದ್ದಕ್ಕೆ ಒಂದು ಕಾಲುವೆ ತೋಡಿ ಸಿಮೆಂಟು ಹಾಕಿದರು. ಕಾಲುವೆಯ ಪಕ್ಕ ಎತ್ತರದಲ್ಲಿ ನಾಲ್ಕು ತೊಟ್ಟಿ. ಪಂಪಿನ ನೀರು ಒಂದೊಂದಕ್ಕೆ ಒಂದೊಂದು ವೇಗದಲ್ಲಿ ತುಂಬುತ್ತದೆ. ತುಂಬಿದ ತೊಟ್ಟಿ ತನ್ನ ಭಾರಕ್ಕೆ ತಾನೇ ಮಗುಚಿ ಕಾಲುವೆಗೆ ಒಂದು ತೆರೆ ಬಿಡುತ್ತದೆ. ಒಮ್ಮೆ ಎರಡು ಒಟ್ಟಿಗೆ ಮಗುಚಬಹುದು, ಒಮ್ಮೆ ನಾಲ್ಕೂ ಸುಮ್ಮನಿರಬಹುದು. ಎಂಟು ಜನ ಕೂರುವ ದೋಣಿ ನೀರಿನಡಿಯ ಎರಡು ಕೊಳವೆಗಳ ಮೇಲೆ ಸರಿಯುತ್ತದೆ, ಅತ್ತಿತ್ತ ಹೋಗದು. ತೆರೆ ಬೀಳುವ ಜಾಗದ ಹಿಂದೆ ಒಂದು ಕೊಂಡಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಮುಂದೆ ಕೂತವರ ಕೈಯಲ್ಲಿ ಒಂದು ಹಗ್ಗ. ಈಗ ಹೋಗಬಹುದು ಎಂದು ಅವರಿಗೆ ಅನಿಸಿದಾಗ ಎಳೆಯಬೇಕು, ಕೊಂಡಿ ಬಿಡುತ್ತದೆ, ದೋಣಿ ಇಳಿಜಾರಿನಲ್ಲಿ ಒಳಗೆ ಜಾರುತ್ತದೆ. ಎಳೆದ ಹೊತ್ತು ಸರಿಯಾಗಿದ್ದರೆ ಮೈ ಒದ್ದೆಯಾಗದೆ ದಡ ಸೇರುತ್ತಾರೆ. ತಪ್ಪಿದರೆ ತೆರೆ ತಲೆಯ ಮೇಲೆ.

ಊರಿಗೆ ಊರೇ ಬಂದು ಕೂತು ಆಡಿತು. ಹಗ್ಗ ಹಿಡಿದವರನ್ನು ಉಳಿದವರು ಬೈಯುವುದೇನು, "ಈಗ ಎಳಿಯೇ, ನಿದ್ದಿ ಬಂತನೆ?" ಎಂದು ಕೂಗುವುದೇನು, ಒದ್ದೆಯಾದ ಮೇಲೆ ಜಗಳವೇನು! ಇಡಗುಂಜಿಗೆ ಹೋಗಿ ಬರುವ ನೆಂಟರನ್ನೂ ಕರೆತಂದು ಕೂರಿಸಿದರು. ಜಾರುಬಂಡಿಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ಇಲ್ಲಿ ದೋಣಿ ಇಳಿದವರು ದಾರಿಯುದ್ದಕ್ಕೂ ಅದೇ ಮಾತಾಡುತ್ತ ಹೋಗುತ್ತಿದ್ದರು. ಮಾಬ್ಲನ ಹೆಂಡತಿ ಕಮಲಿ, ಮೀನು ಮಾರಿ ಮನೆಗೆ ಬಂದವಳು, ತಲೆಯ ಬುಟ್ಟಿ ಇಳಿಸಿ ತಾನೂ ಒಮ್ಮೆ ಕೂತಳು. ಇಳಿದು ಸೀರೆ ಹಿಂಡಿಕೊಳ್ಳುತ್ತ, "ಲಾಯ್ಕಿದೆ. ಮಾರಿ ಮುಗ್ಸಿ, ದೋಣಿ ಕೆಲಸ ನೋಡಿ" ಎಂದಳು.

ಮಾರುವುದು! ಅಲ್ಲೇ ಇದ್ದದ್ದು ತೊಂದರೆ.

ಮೊದಲು ಬಂದದ್ದು ಕುಮಟೆಯ ವಿಶ್ವನಾಥ ಶಾನಭಾಗ, ಆ ಕಡೆಯ ದೊಡ್ಡ ವಾಟರ್ ಪಾರ್ಕಿನ ಮಾಲಿಕರು. ಕೆಟ್ಟ ಮನುಷ್ಯರಲ್ಲ. ಪ್ಯಾಂಟು ಮಡಚಿ ದೋಣಿ ಹತ್ತಿ, ಹಗ್ಗ ತಾವೇ ಹಿಡಿದು, ನೆನೆದು, ಮತ್ತೊಮ್ಮೆ ಕೂತರು. ಎಳನೀರು ಕುಡಿಯುವಾಗಲೂ ನಗುತ್ತಲೇ ಇದ್ದರು. ಮಾಬ್ಲನ ಮನಸ್ಸಿನಲ್ಲಿ ಮಾರಾಟ ಆಗಿಯೇ ಹೋಗಿತ್ತು.

"ಗಂಟೆಗೆ ಎಷ್ಟು ಜನ ಹತ್ತಿ ಇಳೀತಾರೆ ಮಾಬ್ಲ?" ಎಂದು ಅವರು ಕೇಳಿದರು.

"ಅದು ಕೂತವ್ರ ಮೇಲೆ ಹೋತು ಶಾನಭಾಗ್ರೆ. ಹೆದ್ರೂ ಜನ ಆದ್ರೆ ಕೂತೇ ಇರ್ತರು. ಕಾಯೂದೇ ಮಜಾ ಅಲ್ದಾ?"

ಶಾನಭಾಗರು ತಲೆ ಆಡಿಸಿದರು. ರಜೆಯ ದಿನ ಸಾಲು ಗೇಟಿನವರೆಗೆ ಹೋಗುತ್ತದೆ, ಕಾದವರು ಬೈಯುತ್ತಾರೆ, ಅದು ಅವರ ಕಣ್ಣ ಮುಂದೆ ಬಂತು. ಆಮೇಲೆ ಕೇಳಿದರು: "ಅಪಾಯ ಏನಾದ್ರೂ?"

ಇಲ್ಲಿ ನಮ್ಮ ಮಾಬ್ಲ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ. ಮೀನುಗಾರರಲ್ಲಿ ದೋಣಿ ಮಾರುವ ರೀತಿಯೇ ಬೇರೆ. ಈ ದೋಣಿ ಎಂಥ ಗಾಳಿಗೆ ಸಿಕ್ಕಿತ್ತು, ಎಲ್ಲಿ ಮಗುಚಿತ್ತು, ಮಗುಚಿದರೂ ಹೇಗೆ ಎಲ್ಲರನ್ನೂ ದಡ ಮುಟ್ಟಿಸಿತು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಒಮ್ಮೆಯೂ ಪೆಟ್ಟು ತಿನ್ನದ ದೋಣಿಯನ್ನು ಕೊಳ್ಳುವವನು ಅನುಮಾನದಿಂದಲೇ ನೋಡುತ್ತಾನೆ. ಮಾಬ್ಲ ಅದೇ ಹೆಮ್ಮೆಯಲ್ಲಿ ಹೇಳಿದ: "ಎರಡು ಸಲ ಕವುಚಿ ಬಿದ್ದಿದೆ ಒಡೆಯಾ, ಅಡಿಗೆ ಕೊಳವೆ ಹಾಕೂಕೆ ಮೊದ್ಲು. ಎಂಟೂ ಜನ ನೀರಿಗೆ. ಒಬ್ರಿಗೂ ಎಂತದೂ ಆಗ್ಲಿಲ್ಲ!"

ಶಾನಭಾಗರ ಮುಖದ ನಗು ಹಾಗೇ ನಿಂತಿತು. ಎಳನೀರನ್ನು ಕೆಳಗಿಟ್ಟರು. "ಮಾಬ್ಲ, ನಿನ್ನ ಕೆಲಸ ಚೆನ್ನಾಗಿದೆ. ಆದ್ರೆ ನನ್ನ ಜಾರುಬಂಡಿ ಕೆಟ್ರೆ ಫೋನ್ ಮಾಡ್ಲಿಕ್ಕೆ ಒಂದು ಕಂಪನಿ ಇದೆ. ಅದೇ ಜಾರುಬಂಡಿ ಇನ್ನು ನೂರು ಕಡೆ ಇದೆ. ಇನ್ಶೂರೆನ್ಸಿನವನು ನೋಡಿದ ಕೂಡ್ಲೆ ಸಹಿ ಹಾಕ್ತಾನೆ. ನಿಂದು ಎಲ್ಲೂ ಇಲ್ಲ. ನೀನು ಊರಲ್ಲಿ ಇಲ್ಲದಾಗ ಕೆಟ್ರೆ ನಾನು ಯಾರನ್ನ ಕೇಳ್ಲಿ? ಬೇರೆ ಎಲ್ಲಾದ್ರೂ ಹಾಕಿದ ಮೇಲೆ ಹೇಳು, ಮೊದಲು ನಾನೇ ಬಂದು ನೋಡ್ತೇನೆ."

ಸಂಜೆ ಇದನ್ನೆಲ್ಲ ಕೇಳಿದ ಕಮಲಿ ಹಣೆ ಬಡಿದುಕೊಂಡಳು. "ಹೆಣ್ಣು ನೋಡೂಕೆ ಬಂದವ್ರ ಹತ್ರ ನಮ್ಮ ಹುಡ್ಗಿ ಎರಡು ಸಲ ಬಾವಿಗೆ ಬಿದ್ರೂ ಸಾಯ್ಲಿಲ್ಲ ಹೇಳಿ ಯಾರಾದ್ರೂ ಹೇಳ್ತರಾ?"

ಮುಂದೆ ಬಂದವರಿಗೆ ಮಾಬ್ಲ ಮಗುಚಿದ ಸುದ್ದಿ ತಾನಾಗಿ ಹೇಳಲಿಲ್ಲ, ಕೇಳಿದರೆ ಸುಳ್ಳನ್ನೂ ಹೇಳಲಿಲ್ಲ. ಗೋವೆಯ ಕಡೆಯಿಂದ ಬಂದರು, ಮಂಗಳೂರಿನ ಕಡೆಯಿಂದ ಬಂದರು. ಎಲ್ಲರೂ ಆಡಿದರು, ಎಲ್ಲರೂ ಎಳನೀರು ಕುಡಿದರು, ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡರು. ಹೋಗುವಾಗ ಎಲ್ಲರದೂ ಒಂದೇ ಪ್ರಶ್ನೆ: "ಸದ್ಯಕ್ಕೆ ಎಲ್ಲಿ ನಡೀತಾ ಇದೆ?" ಹಿತ್ತಲಲ್ಲಿ ನಡೆಯುತ್ತಿದ್ದದ್ದು ಲೆಕ್ಕಕ್ಕಿಲ್ಲ. ವಿಮೆಯವರು ಸರ್ಟಿಫಿಕೇಟು ಕೇಳಿದರು. ಸರ್ಟಿಫಿಕೇಟು ಕೊಡುವವರು ಇಂಥದ್ದಕ್ಕೆ ನಮ್ಮಲ್ಲಿ ಅಳತೆಗೋಲೇ ಇಲ್ಲ, ಎಲ್ಲಾದರೂ ಒಂದು ವರ್ಷ ನಡೆಸಿ ತೋರಿಸಿ ಎಂದರು. ನಡೆಸಲು ಪಾರ್ಕು ಬೇಕು, ಪಾರ್ಕಿಗೆ ವಿಮೆ ಬೇಕು, ವಿಮೆಗೆ ಸರ್ಟಿಫಿಕೇಟು ಬೇಕು. ದಿವಾಕರ ಸುಸ್ತಾಗಿ ತನ್ನ ಗೇಟು, ಕಿಟಕಿಗಳ ಕೆಲಸಕ್ಕೆ ಹೊರಟುಹೋದ. ಕಾಲುವೆಯಲ್ಲಿ ಪಾಚಿ ಕಟ್ಟಿತು.

ವಿಚಿತ್ರವೆಂದರೆ ಮಾಬ್ಲನಿಗೆ ಆ ಮಾಲಿಕರ ಮೇಲೆ ಸಿಟ್ಟು ಬರಲಿಲ್ಲ. ಅವರು ಮಾಡುತ್ತಿದ್ದದ್ದು ಅವನಿಗೆ ಹೊಸದಾಗಿರಲಿಲ್ಲ. ಗಾಳಿಯ ದಿನ ಅಳಿವೆಯ ಹೊರಗೆ ಹತ್ತಾರು ದೋಣಿ ಸೇರಿದರೆ ಅಲ್ಲೂ ಇದೇ ಕಥೆ. ಇಂಜಿನ್ನು ತಗ್ಗಿಸಿ ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ಯಾರಾದರೊಬ್ಬ ಮೊದಲು ದಾಟಬೇಕು. ಅವನು ಹೋದ ದಾರಿ ನೋಡಿಕೊಂಡು ಉಳಿದವರು ಹೊರಡುತ್ತಾರೆ. ಅದಕ್ಕೇ ಮಾಬ್ಲನ ಕಡೆಯವರಲ್ಲಿ ಒಂದು ಪದ್ಧತಿಯಿತ್ತು. ಹಾಗೆ ಮೊದಲು ದಾಟಿದವನ ಮನೆಗೆ ಹಿಂದೆ ಬಂದ ಪ್ರತಿ ದೋಣಿಯಿಂದಲೂ ಒಂದು ಬುಟ್ಟಿ ಮೀನು ಹೋಗಬೇಕು. ಒಬ್ಬ ಸಿಕ್ಕರೆ ಸಾಕು, ಹಿಂದೆ ಎಲ್ಲರೂ ಬರುತ್ತಾರೆ ಎಂದು ಮಾಬ್ಲ ಕಾದ.

ಆ ಒಬ್ಬರು ಕೊನೆಗೂ ಸಿಕ್ಕಿದರು. ಹೊನ್ನಾವರ ದಾಟಿ ಇಡಗುಂಜಿಯ ಕಡೆ ಬರುವಾಗ ಸಿಗುವ ಸಣ್ಣ ವಾಟರ್ ಪಾರ್ಕಿನ ರೇಖಾ. ಎರಡು ಜಾರುಬಂಡಿ, ಒಂದು ಕೊಳ, ಒಂದು ತಿಂಡಿ ಅಂಗಡಿ, ಅಷ್ಟೇ. ಗಂಡ ಕಟ್ಟಿಸಿದ್ದು, ಅವನು ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ದೊಡ್ಡ ಪಾರ್ಕುಗಳು ಬಂದ ಮೇಲೆ ದೇವಸ್ಥಾನದಿಂದ ತಿರುಗುವ ಜನರೂ ಅಲ್ಲಿ ವ್ಯಾನು ನಿಲ್ಲಿಸುತ್ತಿರಲಿಲ್ಲ. ಅವಳು ದೋಣಿಯಲ್ಲಿ ಒಮ್ಮೆ ಮಾತ್ರ ಕೂತಳು. ಇಳಿದವಳು ಎಲ್ಲಿ ನಡೆಯುತ್ತಿದೆ ಎಂದು ಕೇಳಲಿಲ್ಲ.

"ಮಾಬ್ಲಣ್ಣ, ಇದು ನಂಗೆ ಕೊಡಿ. ಜಾಗ ಇನ್ನೂ ನನ್ನ ಹೆಸ್ರಲ್ಲೇ ಇದೆ. ಅದ್ರ ಮೇಲೆ ಸಾಲ ಎತ್ತಿ ಕೊಡ್ತೆ. ಇದೂ ಇಲ್ದಿದ್ರೆ ಬರೂ ಬೇಸಿಗೆಗೆ ನಾನು ಗೇಟಿಗೆ ಬೀಗ ಹಾಕೂದೇ."

ಇಷ್ಟು ವರ್ಷ ಯಾವ ಮಾತು ಕೇಳಬೇಕೆಂದು ಮಾಬ್ಲ ಕಿವಿ ತೆರೆದು ಕೂತಿದ್ದನೋ ಅದೇ ಮಾತು. ಅವನ ಬಾಯಲ್ಲಿ 'ಆತು' ಎಂಬುದು ಬಂದೂ ಬಿಟ್ಟಿತ್ತು. ಆದರೆ ಅವಳ ಕೊನೆಯ ಮಾತು ಅವನನ್ನು ತಡೆಯಿತು. ಅವನ ಅಣ್ಣ ಚೌಡನೂ ಹೀಗೇ ಹೇಳಿ ಅಳಿವೆಗೆ ನುಗ್ಗಿದವನು. ಒಂದು ಗಾಳಿಯ ಸಂಜೆ ಅಳಿವೆಯ ಹೊರಗೆ ಎಲ್ಲರೂ ನಿಂತಿದ್ದಾಗ ಚೌಡನ ಇಂಜಿನ್ನಿಗೆ ಎಣ್ಣೆ ಮುಗಿಯುತ್ತ ಬಂದಿತ್ತು. ಇನ್ನು ನಿಂತರೆ ಸಮುದ್ರದ ಪಾಲು ಎಂದು ಅವನು ಗಳಿಗೆ ನೋಡದೆ ನುಗ್ಗಿದ. ದೋಣಿ ಮಗುಚಿ ಎರಡು ಹೋಳಾಯಿತು, ಅವನ ಕಾಲು ಮುರಿಯಿತು. ಅವನು ಬಿದ್ದ ಜಾಗ ನೋಡಿಕೊಂಡು ಉಳಿದವರು ಪಕ್ಕದಿಂದ ದಾಟಿದರು. ಪದ್ಧತಿ ಪ್ರಕಾರ ಮನೆಯಂಗಳಕ್ಕೆ ಬುಟ್ಟಿ ಬುಟ್ಟಿ ಮೀನು ಬಂತು. ಯಾರೂ ದೋಣಿ ಕೊಡಲಿಲ್ಲ. ಚೌಡ ಮತ್ತೆ ಸಮುದ್ರಕ್ಕೆ ಇಳಿಯಲಿಲ್ಲ.

"ನಿಮ್ಗೆ ಕೊಡೂದಿಲ್ಲ," ಎಂದ ಮಾಬ್ಲ.

ರೇಖಾಳ ಮುಖ ಕೆಂಪಾಯಿತು. "ಎಂತಕ್ಕೆ? ಹೆಂಗಸು ಹೇಳಿಯಾ? ಸಣ್ಣ ಪಾರ್ಕು ಹೇಳಿಯಾ?"

"ಅದಲ್ಲ ರೇಖಕ್ಕ. ಇದು ಎಲ್ಲೂ ನಡ್ದು ಗೊತ್ತಿಲ್ಲ. ನಡೀದೆ ಇದ್ರೆ ಶಾನಭಾಗ್ರಿಗೆ ಒಂದು ಸಣ್ಣ ಪೆಟ್ಟು. ನಿಮ್ಗೆ ಜಾಗವೇ ಹೋತು. ಎಣ್ಣೆ ಮುಗ್ದ ದೋಣಿನ ಮುಂದೆ ಬಿಟ್ಟು ನಾ ಹಿಂದೆ ನಿಂತ್ಕಂಡು ನೋಡೂಕಾಗ."

ಅವಳು ಎದ್ದು ಹೋದಳು. ಮಾಬ್ಲ ಅಂದು ಊಟ ಮಾಡಲಿಲ್ಲ. ಬಂದ ಒಬ್ಬ ಗಿರಾಕಿಯನ್ನು ಬಾಗಿಲಿಂದ ಅಟ್ಟಿದವನನ್ನು ಕಮಲಿ ಬೈಯುತ್ತಾಳೆ ಎಂದು ಕಾದ, ಅವಳು ಬೈಯಲಿಲ್ಲ. ಒಲೆಯ ಮುಂದೆ ಕೂತವಳು ಬೆಂಕಿ ಮುಂದೆ ದೂಡುತ್ತ, "ಅವ್ಳಿಗೂ ಆಗೂದಿಲ್ಲ, ಬೇರೆಯವ್ರಿಗೂ ಆಗೂದಿಲ್ಲ ಅಂದ್ರೆ ಮೊದ್ಲು ಹೋಗೂದು ಯಾರು ಹಾಗಾದ್ರೆ? ಮಾಡ್ದವ್ರೇ ಹೋಗ್ಬೇಕು" ಎಂದಳು. ಅವಳು ಯೋಚನೆ ಮಾಡಿ ಹೇಳಿದಳೋ ಬೇಸರಕ್ಕೆ ಹೇಳಿದಳೋ ಮಾಬ್ಲನಿಗೆ ತಿಳಿಯಲಿಲ್ಲ. ಆದರೆ ಬೆಳಿಗ್ಗೆ ಎದ್ದು ಮೊದಲ ಬಸ್ಸಿಗೆ ಹೋಗಿ ದಿವಾಕರನನ್ನು ಎಬ್ಬಿಸಿ, ಅವನನ್ನೂ ಕಟ್ಟಿಕೊಂಡು ರೇಖಾಳ ಗೇಟಿಗೆ ಹೋಗಿ ನಿಂತ.

ಹೀಗೆ ಮಾಬ್ಲನ ಅಳಿವೆ ರೇಖಾಳ ಪಾರ್ಕಿಗೆ ಹೋಯಿತು, ಆದರೆ ಮಾರಾಟವಾಗಿ ಅಲ್ಲ. ಜಾಗ ಅವಳದು, ನೀರು ಅವಳದು. ಯಂತ್ರ, ಕೂಲಿ, ಕೆಟ್ಟರೆ ಪೆಟ್ಟು ಎಲ್ಲವೂ ಮಾಬ್ಲನದು. ನಡೆಯದಿದ್ದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದು ಅವನೇ ಹೇಳಿದ. ದೊಡ್ಡ ತೊಟ್ಟಿ ಒಂದನ್ನು ತೆಗೆದು ತೆರೆ ತಗ್ಗಿಸಿದರು, ಕೂತವರಿಗೆಲ್ಲ ನಡುಪಟ್ಟಿ, ತೇಲುವ ಜಾಕೀಟು. ವಿಮೆಯವರು ಮೂರು ಸಲ ಬಂದು, ಮೂಗು ಮುರಿದು, ಸರ್ಟಿಫಿಕೇಟು ಇಲ್ಲದಿದ್ದರೂ ಒಂದು ಹಂಗಾಮಿಗೆ ಮಾತ್ರ ಎಂದು ಒಪ್ಪಿದರು. ಮಾಬ್ಲ ದೋಣಿ ಕಟ್ಟುವ ಕೊಟ್ಟಿಗೆಗೆ ಬೀಗ ಹಾಕಿ ದಿನವೂ ಬಸ್ಸು ಹತ್ತಿದ. ಅರ್ಧ ವಯಸ್ಸಿನವರೂ ಅವನನ್ನು ಟಿಕೆಟು ಹರಿಯುವವನೆಂದು ತಿಳಿದು, "ಏಯ್, ದೋಣಿ ಯಾವಾಗ?" ಎಂದು ಕೇಳುತ್ತಿದ್ದರು. ಅವನಿಗೆ ಕಿರಿಕಿರಿಯಾಗುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಜನ ಬಂದರು. ಮೊದಲು ಒಂದು ವ್ಯಾನು, ಆಮೇಲೆ ಹಿಂದಿನ ವಾರದವರೇ ನೆಂಟರನ್ನು ಕಟ್ಟಿಕೊಂಡು ಬಂದರು. ಗಂಟೆಗೆ ಎಷ್ಟು ಜನ ಎಂಬುದು ಇಲ್ಲೂ ಪಂಚಾತಿಕೆಯ ವಿಷಯವೇ ಆಯಿತು. ಶಾನಭಾಗರ ಮಾತು ಸುಳ್ಳಾಗಿರಲಿಲ್ಲ, ಸಾಲು ಉದ್ದವಾಗಿ ಬೈಗುಳ ಬಿತ್ತು. ಮಾಬ್ಲ ಒಂದು ವಾರ ಹಟ ಹಿಡಿದು, ಕಡೆಗೆ ತಾನೇ ಸೋತು, ಬಹಳ ಹೊತ್ತು ಎಳೆಯದಿದ್ದರೆ ಕೊಂಡಿ ತಾನಾಗಿ ಬಿಡುವ ಹಾಗೆ ಮಾಡಿದ. ಆಗ ಇನ್ನೊಂದು ಮಜಾ ಶುರುವಾಯಿತು. ಎಳೆಯಲು ಹೆದರುವವರಿಗೆ ಈಗ ಎಳೆಯದಿರಲೂ ಹೆದರಿಕೆ. ಸಾಲಿನಲ್ಲಿ ನಿಂತವರೂ "ಎಳಿ, ಎಳಿ" ಎಂದು ಕೂಗಿ ತಮ್ಮ ಸರದಿಗೆ ಮೊದಲೇ ಆಟಕ್ಕೆ ಸೇರಿದರು. ರೇಖಾ ಬೀಗ ಹಾಕಬೇಕಿದ್ದ ಗೇಟನ್ನು ಸಂಜೆ ಮುಚ್ಚುವುದೇ ಕಷ್ಟವಾಯಿತು.

ಮಾಬ್ಲ ಆಸೆಯಿಂದ ಶಾನಭಾಗರಿಗೆ ಫೋನು ಮಾಡಿದ. "ಈಗ ನಡೀತಾ ಇದೆ, ಬಂದು ನೋಡಿ."

"ಸಂತೋಷ ಮಾಬ್ಲ! ಯಾರು ಕೊಂಡದ್ದು?"

"ಕೊಂಡದ್ದಲ್ಲ. ನಾನೇ ಹಾಕಿದ್ದು."

"ಓ," ಎಂದರು ಶಾನಭಾಗರು. "ನೀನೇ ಇದ್ದೀಯಲ್ಲ ಅಲ್ಲಿ, ಹಾಗಾಗಿ ನಡೀತದೆ. ಯಾರಾದ್ರೂ ಕೊಂಡು ನಡೆಸಿದ ಮೇಲೆ ಹೇಳು."

ಅಂದು ಮಾಬ್ಲನಿಗೆ ನಿಜವಾಗಿ ಸಿಟ್ಟು ಬಂತು. ಫೋನನ್ನು ಕಿಸೆಗೆ ತುರುಕಿ, ಏನೂ ತಪ್ಪು ಮಾಡದ ದಿವಾಕರನಿಗೆ ಬೈದ.

ಬೇಸಿಗೆ ಮುಗಿಯುವ ಹೊತ್ತಿಗೆ ಮುಟ್ಟಳ್ಳಿಯಲ್ಲಿ ಅವನ ತಂಗಿಯ ಮಗಳ ಮದುವೆ. ಸೋದರಮಾವ ಎಂದ ಮೇಲೆ ತಪ್ಪಿಸುವಂತಿರಲಿಲ್ಲ. ನಾಲ್ಕು ದಿನ ಅಲ್ಲಿದ್ದರೂ ಅವನ ಜೀವವೆಲ್ಲ ತೊಟ್ಟಿಗಳ ಮೇಲೆ. ಫೋನು ಬರುತ್ತದೆ ಎಂದು ಊಟದ ಪಂಕ್ತಿಯಲ್ಲೂ ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಬರಲಿಲ್ಲ. ಪಾರ್ಕು ಮುಚ್ಚಿಯೇ ಬಿಟ್ಟರೋ ಎಂಬ ಹೆದರಿಕೆಯಲ್ಲಿ ಮದುವೆಯ ಮರುದಿನ ಬೀಗರ ಊಟಕ್ಕೂ ನಿಲ್ಲದೆ ಹೊರಟು ಬಂದ. ಬಂದು ನೋಡಿದರೆ ತೆರೆ ಬೀಳುತ್ತಿದೆ, ದೋಣಿ ಓಡುತ್ತಿದೆ, ಜನ ಕಿರುಚುತ್ತಿದ್ದಾರೆ. ಅವನು ಬಂದದ್ದನ್ನೂ ಯಾರೂ ಗಮನಿಸಲಿಲ್ಲ.

"ಎಂತದೂ ತೊಂದ್ರೆ ಆಗ್ಲಿಲ್ವಾ?" ಎಂದು ರೇಖಾಳನ್ನು ಕೇಳಿದ.

"ಆತು. ನೀವು ಹೋದ ಮರುದಿನವೇ ನಡುವಿನ ತೊಟ್ಟಿ ತಿರ್ಗೂ ಮೊಳೆ ತುಂಡಾತು. ಗಣಪಿ ಹೊಸದು ಹಾಕಿದ್ಲು."

ಗಣಪಿ ಎಂದರೆ ಕೊಳ ತೊಳೆಯುವ ಹೆಂಗಸು. ಮಾಬ್ಲ ರಿಪೇರಿ ಮಾಡುವಾಗಲೆಲ್ಲ ಪಕ್ಕದಲ್ಲಿ ಬೋಲ್ಟು ತಿರುಗಿಸುವ ಪಾನ ಹಿಡಿದು ನಿಲ್ಲುತ್ತಿದ್ದವಳು. ಮಾಬ್ಲ ಓಡಿ ಹೋಗಿ ತೊಟ್ಟಿ ಹತ್ತಿ ನೋಡಿದ. ಮೊಳೆ ಸರಿಯಾಗಿ ಕೂತಿತ್ತು. ಅವನೇ ಹಾಕಿದ್ದರೂ ಬೇರೆ ಥರ ಹಾಕುತ್ತಿರಲಿಲ್ಲ.

"ನಂಗೆ ಫೋನು ಎಂತಕ್ಕೆ ಮಾಡ್ಲಿಲ್ಲ?" ಅವನ ದನಿ ತಾನಾಗಿ ಏರಿತ್ತು.

"ಬೇಕಾಗ್ಲಿಲ್ಲ ಮಾಬ್ಲಣ್ಣ," ಎಂದಳು ಗಣಪಿ.

ಮಾಬ್ಲನಿಗೆ ಅಳು ಬಂದ ಹಾಗಾಯಿತು. ತಾನಿಲ್ಲದೆ ನಡೆಯಿತು ಎಂಬ ಹೊಟ್ಟೆಯುರಿ ಒಂದು, ತಾನಿಲ್ಲದೆಯೂ ನಡೆಯಿತಲ್ಲ ಎಂಬ ಹಿಗ್ಗು ಒಂದು. ಯಾವುದು ಹೆಚ್ಚು ಎಂದು ಕೇಳಿದರೆ ಅವನೂ ಹೇಳಲಾರ. ತೊಟ್ಟಿಯಿಂದ ಇಳಿದು ಕಟ್ಟೆಯ ಮೇಲೆ ಕೂತ. ರೇಖಾ ಬಂದು ಎದುರಿಗೆ ನಿಂತಳು.

"ಆಗ ಕೊಡೂದಿಲ್ಲ ಅಂದ್ರಿ. ನಂಗೆ ಸಿಟ್ಟು ಬಂದಿತ್ತು, ಈಗಿಲ್ಲ. ಈಗ ಕೇಳ್ತೆ, ಜಾಗ ಅಡವಿಟ್ಟು ಅಲ್ಲ. ಬೆಲೆದು ಅರ್ಧ ಈ ಬೇಸಿಗೆಲಿ ಬಂದ ದುಡ್ಡಲ್ಲಿ ಕೊಡ್ತೆ, ಉಳ್ದ ಅರ್ಧ ಬರೂ ಬೇಸಿಗೆಲಿ. ಕೊಡ್ತ್ರಾ?"

ಮಾಬ್ಲ ಅವಳ ಮುಖವನ್ನು ನೋಡಿದ. ದೋಣಿ ಕೊಳ್ಳಲು ಬಂದವರ ಮುಖವನ್ನು ಅವನು ಜೀವಮಾನವೆಲ್ಲ ನೋಡಿದ್ದ. ಇದು ಎಣ್ಣೆ ಮುಗಿದವರ ಮುಖವಲ್ಲ.

"ಆತು. ತಕಳಿ," ಎಂದ.

"ಹಾಗಾದ್ರೆ ಬನ್ನಿ, ನನ್ನ ದೋಣಿಲಿ ಕೂತ್ಕಳಿ. ಹಗ್ಗ ಗಣಪಿ ಹಿಡೀತಾಳೆ."

ಅವನು ಹಿಂದಿನ ಸಾಲಿನಲ್ಲಿ, ಯಾವುದೋ ಮದುವೆ ದಿಬ್ಬಣದವರ ನಡುವೆ ಕೂತ. ದೋಣಿ ಕೊಂಡಿಗೆ ಬಂದು ನಿಂತಿತು. ಗಣಪಿ ಹಗ್ಗಕ್ಕೆ ಕೈ ಹಾಕಿದಳು. ಬಲಗಡೆಯ ತೊಟ್ಟಿ ತುಂಬಿದ ಸದ್ದು ಮಾಬ್ಲನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನೂ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಾರಿದ ದೋಣಿಯಲ್ಲಿ ಕಟ್ಟಿದವನು ಬಾಯಿ ಹಾಕಬಾರದು. ಅವನು ತುಟಿ ಕಚ್ಚಿ ಕೂತ. ಗಣಪಿ ಎಳೆದಳು, ತೆರೆ ತಲೆಯ ಮೇಲೆ ಬಿತ್ತು. ತಾನು ಮಾಡಿದ ಆಟದಲ್ಲಿ ತಾನೇ ಹಗ್ಗ ಹಿಡಿದು ಯಾವಾಗಲೂ ಒಣಗಿದ ಮೈಯಲ್ಲೇ ಇಳಿದಿದ್ದ ಮಾಬ್ಲ ಮೊದಲ ಸಲ ಅಡಿಯಿಂದ ಮುಡಿಯವರೆಗೆ ನೆಂದು, ಬಾಯೊಳಗೆ ಹೋದ ನೀರು ಉಗುಳಿ, ಗೊತ್ತಿಲ್ಲದ ದಿಬ್ಬಣದವರ ಜೊತೆ ಸೇರಿ ಗಣಪಿಯನ್ನು ಬಾಯಿತುಂಬ ಬೈದ.